ಖಾಲಿ ಬಿಡುವ ಕೆಲಸ

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಪ್ಯಾನೆಲ್ ಕೋಣೆ ಸಿದ್ಧವಾಗುತ್ತಿದೆ. ಆಳೆತ್ತರದ ಕಬ್ಬಿಣದ ಪ್ಯಾನೆಲ್ ಇನ್ನೂ ಬಂದಿಲ್ಲ. ವೈರ್‌ಮನ್ ಆಗಲೇ ಟೇಪು, ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತಿದ್ದಾರೆ. ಮೊದಲ ಗೆರೆ ಪ್ಯಾನೆಲ್ ಕೂರುವ ಜಾಗಕ್ಕೆ. ಅದರಾಚೆಗಿನ ಗೆರೆ, ಏನೂ ಕೂರಬಾರದ ಜಾಗಕ್ಕೆ.

ಹೊರಗಿನಿಂದ ಬಂದ ವಿದ್ಯುತ್ತನ್ನು ಮನೆಗಳಿಗೆ, ಲಿಫ್ಟಿಗೆ, ಪಂಪಿಗೆ ಹಂಚುವುದು ಪ್ಯಾನೆಲ್. ಒಳಗೆ ತಾಮ್ರದ ಇಲ್ಲವೇ ಅಲ್ಯೂಮಿನಿಯಮ್ಮಿನ ದಪ್ಪ ಪಟ್ಟಿಗಳು. ಇವಕ್ಕೆ ಬಸ್‌ಬಾರ್ ಎನ್ನುತ್ತಾರೆ. ಮೂರು ಫೇಸುಗಳ ನಡುವೆ 415 ವೋಲ್ಟ್. ಹೀಗೆ 250 ವೋಲ್ಟ್ ಮೀರಿದ ಸ್ವಿಚ್‌ಬೋರ್ಡಿನ ಎದುರು ಕನಿಷ್ಠ 1 ಮೀಟರ್ ತೆರವಿರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿ ವಿಧಿಸಿತು.

ಬಾಗಿಲು ಪೂರ್ತಿ ತೆರೆಯಬೇಕು, ಸ್ಪ್ಯಾನರ್ ತಿರುಗಿಸುವಾಗ ಮೊಣಕೈ ಆಡಬೇಕು, ಕೆಳಗಿನ ಕೇಬಲ್ ನೋಡಲು ಕುಕ್ಕರಗಾಲಿನಲ್ಲಿ ಕೂರಬೇಕು. ಕಿಡಿ ಹಾರಿದರೆ ಮೈ ತಾನಾಗಿ ಹಿಂದಕ್ಕೆ ಜಿಗಿಯುತ್ತದೆ. ಆ ಜಿಗಿತಕ್ಕೂ ಜಾಗ ಬೇಕು. ಬೆನ್ನಿಗೆ ಕಬ್ಬಿಣದ ಕಪಾಟು ತಾಗಿದ್ದರೆ, ಕೈಯಿಂದ ಹೊಕ್ಕ ಕರೆಂಟಿಗೆ ಎದೆಯ ಮೂಲಕ ನೆಲಕ್ಕಿಳಿಯುವ ದಾರಿ ಸಿಕ್ಕಂತೆ.

ನಿಜವಾದ ಜಾಣ್ಮೆಯಿರುವುದು ಪ್ಯಾನೆಲ್ಲಿನ ಹಿಂಬದಿಯಲ್ಲಿ. ಅಲ್ಲಿ ಜೋಡಣೆಗಳೋ ಮುಚ್ಚಿಲ್ಲದ ವಾಹಕಗಳೋ ಇದ್ದರೆ, ಗೋಡೆಗೂ ಅದಕ್ಕೂ ನಡುವಿನ ಅಂತರ 20 ಸೆಂಟಿಮೀಟರಿಗಿಂತ ಕಡಿಮೆಯಿರಬೇಕು, ಇಲ್ಲವೇ 75 ಸೆಂಟಿಮೀಟರಿಗಿಂತ ಹೆಚ್ಚಿರಬೇಕು. ನಡುವಿನ ಯಾವ ಅಳತೆಯೂ ಸಲ್ಲದು. ಮೊದಲ ಸಲ ಓದಿದಾಗ ವಿಚಿತ್ರ ಎನಿಸುತ್ತದೆ: 50 ಬೇಡ, 15 ಆಗಬಹುದೇ? 15ರ ಸಂದಿಯಲ್ಲಿ ಮನುಷ್ಯ ನುಸುಳಲಾರ. 75 ದಾಟಿದರೆ ನೆಟ್ಟಗೆ ನಿಂತು ಕೆಲಸ ಮಾಡಿ ಹೊರಬರಬಲ್ಲ. 50 ಮಾತ್ರ ಮೋಸದ ಅಳತೆ. ಪಕ್ಕವಾಲಿ ಒಳಗೆ ಹೋಗಬಹುದು, ಅವಸರದಲ್ಲಿ ಹೊರಬರಲಾಗದು.

ಅಳೆಯುವುದಕ್ಕೂ ಒಂದು ಕ್ರಮವಿದೆ. ಟೇಪಿನ ತುದಿ ಪ್ಯಾನೆಲ್ಲಿನ ಹಿಂಬದಿಯ ತಗಡಿನ ಮೇಲೆ ಕೂರುವಂತಿಲ್ಲ; ಎಲ್ಲಕ್ಕಿಂತ ಹೊರಚಾಚಿದ ಭಾಗದಿಂದ ಅಳೆಯಬೇಕು. ಒಂದು ಬೋಲ್ಟಿನ ತಲೆ 3 ಸೆಂಟಿಮೀಟರ್ ಮುಂದಿದ್ದರೆ ಲೆಕ್ಕ ಅಲ್ಲಿಂದಲೇ ಶುರು. ಅದಕ್ಕೇ ಅನುಭವಿಗಳು ಪ್ಯಾನೆಲ್ಲಿನ ನಕ್ಷೆ ನೋಡದೆ ಸೀಮೆಸುಣ್ಣ ಮುಟ್ಟುವುದಿಲ್ಲ. ಹಿಂದೆ 75 ದಾಟಿದ ಜಾಗ ಬಿಟ್ಟರೆ ಪ್ಯಾನೆಲ್ಲಿನ ಎರಡೂ ತುದಿಗಳಿಂದ ಓಡಾಟದ ದಾರಿ ಬೇಕು, ಅದೂ 1.8 ಮೀಟರ್ ಎತ್ತರದವರೆಗೆ ಅಡ್ಡಿಯಿಲ್ಲದೆ. ಒಂದು ಕಡೆ ಬೆಂಕಿ ಕಂಡರೆ ಇನ್ನೊಂದು ಕಡೆಯಿಂದ ಪಾರಾಗಬಹುದು.

ಆಮೇಲೆ ಪ್ಯಾನೆಲ್ ಬಂದು ಕೂರುತ್ತದೆ. ಎದುರಿಗೆ ವಿದ್ಯುತ್ ನಿರೋಧಕ ರಬ್ಬರ್ ಹಾಸು, ಬಾಗಿಲಿಗೆ ತಲೆಬುರುಡೆಯ ಅಪಾಯದ ಫಲಕ. ಸೀಮೆಸುಣ್ಣದ ಗೆರೆಯ ಮೇಲೆ ಹಳದಿ ಬಣ್ಣ.

ಕೆಲವೇ ತಿಂಗಳಲ್ಲಿ ಹಳದಿ ಗೆರೆಯೊಳಗೆ ಪೊರಕೆ, ಉಳಿದ ಪೇಂಟ್ ಡಬ್ಬಿ, ಗಣೇಶನ ಪೆಂಡಾಲಿನ ಗಳಗಳು ಬಂದು ಸೇರುತ್ತವೆ. ರಿಪೇರಿಗೆ ಕರೆಸಿದ ವೈರ್‌ಮನ್ ಟೆಸ್ಟರ್ ತೆಗೆಯುವ ಮೊದಲು ಅವನ್ನೆಲ್ಲ ಒಂದೊಂದಾಗಿ ಹೊರಗೆ ಸಾಗಿಸುತ್ತಾರೆ.