ಬರೆದದ್ದನ್ನು ಓದುವವರು ಬೇಕು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿರುವ ಊರು ನಮ್ಮ ಕುರೆಕುಪ್ಪ. ಬೆಳಿಗ್ಗೆ ಒರೆಸಿಟ್ಟ ಮೇಜಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ದೂಳು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಮಕ್ಕಳಿಗೆ ‘ನಮ್ಮೂರಿನ ದೂಳು’ ಎಂಬ ವಿಷಯ ಕೊಟ್ಟು ಒಂದು ಪುಟ ಬರೆದು ತರಲು ಹೇಳಿದ್ದೆ. ನಾನು ವಿಜ್ಞಾನದ ಮೇಷ್ಟರು. ಕಣಗಳ ಗಾತ್ರ, ಶ್ವಾಸಕೋಶ, ಪರಿಸರ ಮಾಲಿನ್ಯ ಎಂದೆಲ್ಲ ಬರೆದಾರು ಎಂಬ ನಿರೀಕ್ಷೆ ನನ್ನದು. ಒಬ್ಬ ಹುಡುಗಿ ಮಾತ್ರ, ಒಗೆದು ಹರವಿದ ಬಟ್ಟೆಯನ್ನು ತನ್ನ ತಾಯಿ ಮತ್ತೊಮ್ಮೆ ಒಗೆಯುವುದನ್ನು ಬರೆದಿದ್ದಳು. ಯಾವ ಕಡೆಯಿಂದ ಗಾಳಿ ಬೀಸಿದರೆ ಅಮ್ಮ ಬಟ್ಟೆಯನ್ನು ಮನೆಯೊಳಗೇ ಒಣಗಿಸುತ್ತಾಳೆ ಎಂಬುದೂ ಅದರಲ್ಲಿತ್ತು.

ನಾನು ಮಾಡಿದ್ದೇನು? ಹದಿನೇಳು ಕಾಗುಣಿತದ ತಪ್ಪುಗಳಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ, ಕೆಳಗೆ ಸಹಿ ಮಾಡಿ ಹಿಂದಿರುಗಿಸಿದೆ. ಮುಂದಿನ ಸಲ ಆಕೆ ಖಾಲಿ ಪುಟ ತಂದಳು. ‘ಯಾಕಮ್ಮಾ ಬರೆದಿಲ್ಲ?’ ಎಂದು ಗದರಿಸಿದೆ. ತಲೆ ತಗ್ಗಿಸಿಕೊಂಡೇ ಕೇಳಿದಳು: ‘ಹೋದ ಸಲ ಬರ್ದಿದ್ದನ್ನ ನೀವು ಓದಿದ್ರೇನ್ರಿ ಸಾರ್?’

ನಿಜ ಹೇಳಬೇಕೆಂದರೆ ನಾನು ತಿದ್ದಿದ್ದೆ, ಓದಿರಲಿಲ್ಲ. ಗಾಳಿಯ ದಿಕ್ಕಿಗೂ ದೂಳಿಗೂ ಇರುವ ಸಂಬಂಧವನ್ನು ಆ ಮಗು ತಾನಾಗಿ ಗಮನಿಸಿತ್ತು. ವಿಜ್ಞಾನದ ಪಾಠದಲ್ಲಿ ನಾವು ‘ವೀಕ್ಷಣೆ’ ಎನ್ನುವುದು ಇದನ್ನೇ ಅಲ್ಲವೆ? ಆ ವರ್ಷ ಅವಳು ಮತ್ತೆ ಸ್ವಂತವಾಗಿ ಏನನ್ನೂ ಬರೆಯಲಿಲ್ಲ. ಬರೆಯುವ ಮಗುವಿಗೆ ಮೊದಲು ಬೇಕಾದವರು ಓದುವವರು ಎಂದು ನಾನು ಕಲಿತದ್ದು ಹೀಗೆ. ಸೇವೆಗೆ ಸೇರಿ ಇಪ್ಪತ್ತು ವರ್ಷಗಳಾದ ಮೇಲೆ ಕಲಿತೆ!

ಪುಸ್ತಕ ಕಟ್ಟುವ ಹುಡುಗನ ಕೂಟ

ಹತ್ತನೆಯ ತರಗತಿಯವರಿಗೆ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮಾಡುವಾಗ ಮೈಕೇಲ್ ಫ್ಯಾರಡೆಯ ಹೆಸರು ಬರುತ್ತದೆ. ಅದು 1831ರ ಸಂಶೋಧನೆ. ಫ್ಯಾರಡೆ ಬಡ ಕಮ್ಮಾರನ ಮಗ, ಶಾಲೆ ಕಲಿತದ್ದು ಅಷ್ಟಕ್ಕಷ್ಟೆ. ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಬರೆದು, ಚೆಂದವಾಗಿ ರಟ್ಟು ಹಾಕಿ ಡೇವಿಗೇ ಕಳುಹಿಸಿದ. ಮರುವರ್ಷ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಇಷ್ಟು ಕತೆಯನ್ನು ಅನೇಕರು ಬಲ್ಲರು.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ತನ್ನ ಬರವಣಿಗೆ ಒರಟು ಎಂಬ ಕೊರಗು ಫ್ಯಾರಡೆಗಿತ್ತು. 1818ರಲ್ಲಿ ಆತ ಕೆಲವೇ ಗೆಳೆಯರನ್ನು ಸೇರಿಸಿ ಒಂದು ಪ್ರಬಂಧ ಕೂಟ ಕಟ್ಟಿದ. ಪ್ರತಿಯೊಬ್ಬರೂ ಬರೆಯಬೇಕು, ಉಳಿದವರು ಓದಬೇಕು. ಆಗಲೇ ಅವನು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೆಲಸಕ್ಕಿದ್ದ, ಆದರೂ ಭಾಷೆ ತಿದ್ದಿಕೊಳ್ಳಲು ಗೆಳೆಯರ ಮುಂದೆ ಕುಳಿತ. ಮುಂದೆ ಮಕ್ಕಳಿಗಾಗಿ ಮೇಣದ ಬತ್ತಿಯ ಮೇಲೆ ಅವನು ಮಾಡಿದ ಉಪನ್ಯಾಸಗಳನ್ನು ಜಗತ್ತು ಇಂದಿಗೂ ಓದುತ್ತಿದೆ. ಅಂಥ ತಿಳಿಯಾದ ಮಾತಿನ ಹಿಂದೆ ಈ ಅಭ್ಯಾಸವೂ ಇತ್ತೆಂಬುದನ್ನು ಮರೆಯುವಂತಿಲ್ಲ.

ಹಲಸಂಗಿಯ ಗೆಳೆಯರು

ಅದು ಲಂಡನ್ನಿನ ಮಾತು, ನಮ್ಮ ಹಳ್ಳಿಗಾಡಿನಲ್ಲಿ ಎಲ್ಲಿ ಸಾಧ್ಯ ಎನ್ನುವವರಿಗೆ ವಿಜಯಪುರ ಜಿಲ್ಲೆಯ ಹಲಸಂಗಿಯನ್ನು ತೋರಿಸಬಹುದು. ದೊಡ್ಡ ಕಾಲೇಜಿಲ್ಲದ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಒಟ್ಟುಗೂಡಿದರು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಕಿವಿಯಾದರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಕನ್ನಡ ಜಾನಪದ ಸಂಗ್ರಹದ ಮೊದಲ ಹೆಜ್ಜೆಗಳಲ್ಲಿ ಇವು ಸೇರುತ್ತವೆ. ಅದೇ ಕಾಲಕ್ಕೆ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ 1922ರಿಂದ ‘ಗೆಳೆಯರ ಗುಂಪು’ ಬೆಳೆದಿತ್ತು. ಬೇಂದ್ರೆಯವರಂಥ ಬೇಂದ್ರೆಯವರಿಗೂ ಗೆಳೆಯರು ಬೇಕಾಗಿದ್ದರು.

ಗೆಳೆಯರೆಂದರೆ ಬರೀ ಹೊಗಳುವವರಲ್ಲ. ಕುವೆಂಪು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1924ರಲ್ಲಿ ಅವನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಏಕೆ ಬರೆಯಬಾರದು ಎಂಬ ಪ್ರಶ್ನೆ ಬಂತು. ಮೆಚ್ಚುಗೆ ಬಯಸಿ ಹೋದ ತರುಣನಿಗೆ ಅದು ಹಿತವಾದ ಮಾತಾಗಿರಲಿಲ್ಲ. ಆದರೆ ಆ ಪ್ರಶ್ನೆಯಿಂದ ಕನ್ನಡಕ್ಕೆ ಸಿಕ್ಕ ಲಾಭ ಎಷ್ಟೆಂದು ನಾವೆಲ್ಲ ಬಲ್ಲೆವು. ಕಸಿನ್ಸ್ ಪದ್ಯಗಳನ್ನು ಓದಿ, ಆಮೇಲೆ ಕೇಳಿದರು. ನಾನು ಓದದೆ ಸುತ್ತು ಹಾಕಿದ್ದೆ. ವ್ಯತ್ಯಾಸ ಅಲ್ಲಿದೆ.

ನಮ್ಮ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರ ಉದಾಹರಣೆಯೂ ಕಣ್ಣ ಮುಂದಿದೆ. ಅಕ್ಷರ ಕಲಿಯದ ಅವರ ನೆನಪಿನಲ್ಲಿ ದೊಡ್ಡ ದೊಡ್ಡ ಬುರ್ರಕಥೆಗಳಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಂದ ಕಾವ್ಯಗಳನ್ನು ಬರೆಸಿಕೊಂಡು ಅಚ್ಚು ಹಾಕಿಸಿತು. 2014ರಲ್ಲಿ ಅವರು ತೀರಿಕೊಂಡರು. ಬುರ್ರಕಥೆಯಲ್ಲಿ ಕಥೆ ಹೇಳುವವರು ಒಬ್ಬರೇ ನಿಲ್ಲುವುದಿಲ್ಲ. ಪಕ್ಕದಲ್ಲಿ ವಾದ್ಯ ಹಿಡಿದು ಹ್ಞೂಂಗುಟ್ಟುವವರು, ‘ಆಮೇಲೇನಾಯ್ತು?’ ಎಂದು ಕೇಳುವವರು ಇರುತ್ತಾರೆ. ಕಥೆ ಮುಂದಕ್ಕೆ ಸಾಗುವುದು ಆ ಪ್ರಶ್ನೆಯ ಬಲದಿಂದಲೇ.

ಶನಿವಾರದ ಒಂದು ಗಂಟೆ

ಆ ಹುಡುಗಿಯ ಪ್ರಶ್ನೆಯ ನಂತರ ನಾನು ಶನಿವಾರ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ಒಂದು ಗಂಟೆ ಕೂರತೊಡಗಿದೆ. ಮನಸ್ಸಿದ್ದವರು ಬರಬಹುದು. ಮೊದಲ ವಾರ ನಾಲ್ವರು ಬಂದರು. ಮೂರೇ ನಿಯಮ. ಒಬ್ಬರು ಓದಿದ ಮೇಲೆ ಕೇಳಿದವರು, ಮನಸ್ಸಿನಲ್ಲಿ ಉಳಿದದ್ದು ಏನೆಂದು ಮೊದಲು ಹೇಳಬೇಕು. ಎರಡನೆಯದಾಗಿ, ಇನ್ನೂ ತಿಳಿಯಬೇಕೆನಿಸಿದ್ದನ್ನು ಪ್ರಶ್ನೆಯಾಗಿ ಕೇಳಬೇಕು. ಕಾಗುಣಿತ, ಒತ್ತಕ್ಷರಗಳ ಸರದಿ ಕೊನೆಗೆ. ತಪ್ಪು ತಿದ್ದಬಾರದೆಂದಲ್ಲ, ಅದರ ಸಮಯ ಬರಬೇಕು. ತಿದ್ದಿ ಮತ್ತೆ ಬರೆದದ್ದು ಗೋಡೆ ಪತ್ರಿಕೆಗೆ ಹೋಗುತ್ತದೆ.

ಕಳೆದ ವರ್ಷ ಒಬ್ಬ ಹುಡುಗ ದೂಳಿನ ಬಗ್ಗೆಯೇ ಒಂದು ಪ್ರಬಂಧ ತಂದ. ಒಂದೂ ತಪ್ಪಿಲ್ಲ, ಭಾಷೆ ಅಚ್ಚುಕಟ್ಟು. ಓದಿ ಮುಗಿಸಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಅಣ್ಣಾ, ಇದ್ರಾಗ ನಮ್ಮೂರು ಎಲ್ಲೈತಿ?’ ಹುಡುಗ ನಕ್ಕು, ಮೊಬೈಲಿಗೆ ಕೇಳಿದೆ, ಅದೇ ಬರೆದುಕೊಟ್ಟಿತು ಎಂದು ಒಪ್ಪಿಕೊಂಡ. ನಾನು ಬೈಯಲಿಲ್ಲ. ಮುಂದಿನ ವಾರ ಅವನು, ಲಾರಿ ಓಡಿಸುವ ತಂದೆ ರಾತ್ರಿ ಮನೆಗೆ ಬಂದು ಮೊದಲು ಕಣ್ಣು ತೊಳೆದುಕೊಳ್ಳುವುದನ್ನು ಬರೆದು ತಂದ. ಎಂಟೇ ಸಾಲು, ಐದು ತಪ್ಪು. ಆ ದಿನ ಎಲ್ಲರೂ ಸುಮ್ಮನೆ ಕೂತು ಕೇಳಿದರು.

ಪೋಷಕರಿಗೊಂದು ಮಾತು

‘ಇದರಿಂದ ಮಾರ್ಕ್ಸು ಬರ್ತದೇನ್ರಿ ಮೇಷ್ಟ್ರೇ?’ ಎಂದು ಕೇಳುವ ತಂದೆತಾಯಿಗಳಿದ್ದಾರೆ. ಕೇಳುವುದು ತಪ್ಪಲ್ಲ. ಎಸ್ಸೆಸ್ಸೆಲ್ಸಿಯ ಚಿಂತೆ ಎಲ್ಲರಿಗೂ ಇದೆ. ಕಂಡದ್ದನ್ನು ಕ್ರಮವಾಗಿ ನಾಲ್ಕು ಸಾಲಿನಲ್ಲಿ ಹೇಳಬಲ್ಲ ಹುಡುಗ ಪ್ರಯೋಗದ ವಿಧಾನವನ್ನೂ ಕ್ರಮವಾಗಿ ಬರೆಯುತ್ತಾನೆ. ಇದನ್ನು ನಾನು ಉತ್ತರಪತ್ರಿಕೆಗಳಲ್ಲಿ ಕಂಡಿದ್ದೇನೆ. ಆದರೂ ಅಂಕಕ್ಕಾಗಿಯೇ ಬರೆಸಬೇಡಿ. ವಾರಕ್ಕೊಮ್ಮೆ ಹತ್ತು ನಿಮಿಷ ಟಿ.ವಿ. ಆರಿಸಿ, ಮಗುವಿನ ಒಂದು ಪುಟವನ್ನು ಅದರ ಬಾಯಿಂದಲೇ ಓದಿಸಿ ಕೇಳಿ. ಓದಲು ಬಾರದ ಅಜ್ಜಿಯೂ ಕೇಳಬಲ್ಲಳು. ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಎದ್ದುಬಿಡಬೇಡಿ, ಒಂದು ಪ್ರಶ್ನೆ ಕೇಳಿ. ಪಕ್ಕದ ಮನೆಯ ಮಗುವಿನ ಬರಹದೊಂದಿಗೆ ಹೋಲಿಸಬೇಡಿ.

ವಿದ್ಯಾರ್ಥಿಗಳೇ, ನೀವು ಮೂವರು ಗೆಳೆಯರಿದ್ದರೆ ಸಾಕು. ಒಂದೇ ನೋಟ್‌ಬುಕ್ಕನ್ನು ವಾರಕ್ಕೊಬ್ಬರಂತೆ ಹಂಚಿಕೊಳ್ಳಿ. ಬರೆಯುವಷ್ಟೇ ಶ್ರದ್ಧೆಯಿಂದ ಗೆಳೆಯರದ್ದನ್ನು ಓದಿ. ಇನ್ನೊಬ್ಬರ ಬರಹದಲ್ಲಿ ಗೊಂದಲ ಎಲ್ಲಿದೆ ಎಂದು ಗುರುತಿಸಲು ಕಲಿತವರಿಗೆ ತಮ್ಮ ಬರಹದಲ್ಲಿರುವ ಗೊಂದಲವೂ ಕಾಣಿಸತೊಡಗುತ್ತದೆ. ಟೀಕೆ ಬಂದರೆ ಒಂದು ರಾತ್ರಿ ಕಳೆಯಲು ಬಿಟ್ಟು ಮಾರನೆಯ ದಿನ ಮತ್ತೆ ಓದಿಕೊಳ್ಳಿ.

ಅಂದ ಹಾಗೆ, ಅಂದು ಖಾಲಿ ಪುಟ ತಂದಿದ್ದ ಹುಡುಗಿ ಈಗ ಹೊಸಪೇಟೆಯಲ್ಲಿ ಕಾಲೇಜು ಓದುತ್ತಿದ್ದಾಳೆ. ಹೋದ ದಸರಾ ರಜೆಯಲ್ಲಿ ಶನಿವಾರದ ಕೂಟಕ್ಕೆ ಬಂದು, ಬಸ್ಸಿನಲ್ಲಿ ದಿನವೂ ಕಾಣುವ ಕಡಲೆಕಾಯಿ ಮಾರುವ ಮುದುಕಿಯ ಬಗ್ಗೆ ಎರಡು ಪುಟ ಓದಿದಳು. ಮುಗಿದ ಕೂಡಲೆ ಚಿಕ್ಕವರು ಅವಳನ್ನು ಪ್ರಶ್ನೆಗಳಿಂದ ಮುತ್ತಿಕೊಂಡರು. ನನ್ನ ಸರದಿ ಬಂದಾಗ, ಆ ಮುದುಕಿ ಯಾವ ಊರಿನಲ್ಲಿ ಇಳಿಯುತ್ತಾಳೆ ಎಂದು ಕೇಳಿದೆ. ‘ಅದನ್ನ ನಾನು ನೋಡೇ ಇಲ್ಲ ಸಾರ್, ನೋಡ್ಕೊಂಡು ಬರ್ತೀನಿ’ ಎಂದು ಪುಟದ ಅಂಚಿನಲ್ಲಿ ಗುರುತು ಹಾಕಿಕೊಂಡಳು.