ಗಲ್ಲಾದ ಅಡಿಯ ಫೋನ್ ಸರ್ವರ್‌ಗೂ ಬೇಕು ನವೀಕರಣ

ಮುಂಬಯಿ: ಹೋಟೆಲ್, ಕೇಟರಿಂಗ್, ಟ್ರಾವೆಲ್ಸ್, ನರ್ಸಿಂಗ್ ಹೋಂ, ಲೆಕ್ಕಪರಿಶೋಧಕರ ಕಚೇರಿ, ಪತ್ತಿನ ಸಹಕಾರಿ ಸಂಘ ಹೀಗೆ ನಾನಾ ಕ್ಷೇತ್ರಗಳಲ್ಲಿ ತೊಡಗಿಸಿಕೊಂಡಿರುವ ಮಹಾನಗರದ ತುಳು-ಕನ್ನಡಿಗರಲ್ಲಿ ಹಲವರ ವ್ಯವಹಾರ ಇಂದಿಗೂ ಒಂದು ದೂರವಾಣಿ ಸಂಖ್ಯೆಯನ್ನೇ ನಂಬಿಕೊಂಡಿದೆ. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ಮದುವೆ ಮಂಟಪದ ಕರಪತ್ರದ ಮೇಲೆ ಅಚ್ಚಾಗಿರುವುದು ಅದೇ ನಂಬರ್. ಆ ನಂಬರಿಗೆ ಬಂದ ಕರೆಯನ್ನು ಒಳಗಿನ ಹತ್ತಾರು ಫೋನ್‌ಗಳಿಗೆ ಹಂಚುವ ಯಂತ್ರದ ಕಡೆಗೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಅದು ಕೆಟ್ಟ ದಿನವೇ ಅದರ ನೆನಪಾಗುವುದು.

ಹಿಂದೆ ಈ ಕೆಲಸವನ್ನು ಆಪರೇಟರ್ ಬೋರ್ಡ್ ಮಾಡುತ್ತಿತ್ತು. ನಂತರ ಗೋಡೆಗೆ ತೂಗುಹಾಕುವ ಇಪಿಎಬಿಎಕ್ಸ್ ಪೆಟ್ಟಿಗೆ ಬಂತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ನಮ್ಮ ದೇಶದ ಹವೆಗೆ, ಧೂಳಿಗೆ ಒಗ್ಗುವ ಡಿಜಿಟಲ್ ಎಕ್ಸ್‌ಚೇಂಜ್‌ಗಳನ್ನು ತಯಾರಿಸಿತು. ಅದರ 128 ಲೈನುಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕಾರ್ಯಾರಂಭ ಮಾಡಿದ್ದು ಕರ್ನಾಟಕದ ಕಿತ್ತೂರಿನಲ್ಲಿ ಎಂಬುದು ಉಲ್ಲೇಖನೀಯ.

ಪೆಟ್ಟಿಗೆ ಹೋಗಿ ಕಂಪ್ಯೂಟರ್ ಬಂತು

1999ರಲ್ಲಿ ಅಮೆರಿಕದ ಯುವಕ ಮಾರ್ಕ್ ಸ್ಪೆನ್ಸರ್ ತನ್ನ ಪುಟ್ಟ ಕಂಪೆನಿಗೆ ದುಬಾರಿ ಫೋನ್ ವ್ಯವಸ್ಥೆ ಕೊಳ್ಳಲಾಗದೆ ತಾನೇ ಒಂದನ್ನು ಬರೆದ. ಅದೇ ಆಸ್ಟರಿಸ್ಕ್ ಎಂಬ ಉಚಿತ ತಂತ್ರಾಂಶ. ಸಾಧಾರಣ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರ ಮೇಲೆ ಆಸ್ಟರಿಸ್ಕ್ ಹಾಕಿದರೆ ಅದೇ ಇಪಿಎಬಿಎಕ್ಸ್ ಆಗುತ್ತದೆ. ಇದನ್ನು ಬ್ರೌಸರ್ ಮೂಲಕವೇ ನಿಭಾಯಿಸಲು ಫ್ರೀಪಿಬಿಎಕ್ಸ್ ಎಂಬ ಮುಖಪುಟ ಬಂದ ಮೇಲೆ ಚಿಕ್ಕ ಆಫೀಸುಗಳಿಗೂ ಇದು ಎಟುಕಿತು. "ಬುಕಿಂಗ್‌ಗೆ ಒಂದು ಒತ್ತಿ, ಲೆಕ್ಕಪತ್ರಕ್ಕೆ ಎರಡು ಒತ್ತಿ" ಎನ್ನುವ ಧ್ವನಿ, ಕರೆಗಳ ದಾಖಲೆ, ವಾಶಿಯ ಶಾಖೆಯ ಫೋನ್ ಫೋರ್ಟ್ ಆಫೀಸಿನ ಎಕ್ಸ್‌ಟೆನ್ಶನ್ ಆಗಿ ರಿಂಗಾಗುವುದು, ಎಲ್ಲವೂ ಇದರಿಂದ ಸಾಧ್ಯವಾಯಿತು.

ತೊಂದರೆ ಇರುವುದೂ ಇಲ್ಲೇ. ಹಳೆಯ ಪೆಟ್ಟಿಗೆಯನ್ನು ಒಮ್ಮೆ ಕೂರಿಸಿದರೆ ಹದಿನೈದು ವರ್ಷ ಮುಟ್ಟಬೇಕಿರಲಿಲ್ಲ. ಆದರೆ ಇದು ಇಂಟರ್‌ನೆಟ್‌ಗೆ ಜೋಡಿಸಿದ ಕಂಪ್ಯೂಟರ್. ಇದರ ತಂತ್ರಾಂಶಕ್ಕೆ ಆಯುಷ್ಯವಿದೆ. ಆಸ್ಟರಿಸ್ಕ್‌ನ ದೀರ್ಘಾವಧಿ ಆವೃತ್ತಿಗಳಿಗೆ ನಾಲ್ಕು ವರ್ಷ ಪೂರ್ಣ ಬೆಂಬಲ, ಮತ್ತೊಂದು ವರ್ಷ ಸುರಕ್ಷತಾ ತಿದ್ದುಪಡಿ ಮಾತ್ರ. 2020ರಲ್ಲಿ ಬಂದ 18ನೇ ಆವೃತ್ತಿಯ ಅವಧಿ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ಫ್ರೀಪಿಬಿಎಕ್ಸ್ 16ರ ಸಿದ್ಧ ವ್ಯವಸ್ಥೆಗೆ ಆಧಾರವಾಗಿದ್ದ ಸೆಂಟ್‌ಓಎಸ್ 7ರ ಬೆಂಬಲವೂ 2024ರ ಜೂನ್ 30ಕ್ಕೆ ಕೊನೆಗೊಂಡಿತು.

ಬಾಗಿಲು ತೆರೆದಿಟ್ಟರೆ ಕಳ್ಳ ಬಂದಾನು

"ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಯಾಕೆ ಮುಟ್ಟಬೇಕು?" ಎಂಬ ಪ್ರಶ್ನೆ ಸಹಜ. ಇದಕ್ಕೆ 2025ರ ಆಗಸ್ಟ್‌ನಲ್ಲಿ ಬೆಳಕಿಗೆ ಬಂದ ದೋಷವೇ ಉತ್ತರ. ಫ್ರೀಪಿಬಿಎಕ್ಸ್‌ನ ಎಂಡ್‌ಪಾಯಿಂಟ್ ಎಂಬ ಭಾಗದಲ್ಲಿದ್ದ ಈ ದೋಷದಿಂದ ಪಾಸ್‌ವರ್ಡ್ ಇಲ್ಲದೆಯೇ ಸರ್ವರ್ ಒಳಗೆ ನುಗ್ಗಲು ದಾರಿಯಾಗಿತ್ತು. 15, 16 ಮತ್ತು 17ನೇ ಆವೃತ್ತಿಗಳು ಇದಕ್ಕೆ ತುತ್ತಾಗಬಲ್ಲವಾಗಿದ್ದವು. ಅಪಾಯದ ಅಳತೆಯಲ್ಲಿ ಇದಕ್ಕೆ ಸಿಕ್ಕಿದ ಅಂಕ ಹತ್ತಕ್ಕೆ ಹತ್ತು. ಆಡಳಿತದ ಪುಟವನ್ನು ಇಂಟರ್‌ನೆಟ್‌ಗೆ ತೆರೆದಿಟ್ಟಿದ್ದ ಸರ್ವರ್‌ಗಳ ಮೇಲೆ ಪರಿಹಾರ ಬರುವ ಮೊದಲೇ ದಾಳಿ ನಡೆದಿತ್ತು.

ಫೋನ್ ಸರ್ವರ್‌ಗೆ ನುಗ್ಗಿದವನಿಗೆ ನಿಮ್ಮ ಲೈನೇ ಬಂಡವಾಳ. ಆಫೀಸು ಮುಚ್ಚಿರುವ ಶನಿವಾರ ರಾತ್ರಿ, ಆದಿತ್ಯವಾರಗಳಲ್ಲಿ ದುಬಾರಿ ದರದ ವಿದೇಶಿ ಸಂಖ್ಯೆಗಳಿಗೆ ಒಂದೇ ಸಮನೆ ಕರೆ ಹೋಗುತ್ತದೆ. ಆ ಕರೆಗಳ ಆದಾಯದಲ್ಲಿ ವಂಚಕನಿಗೆ ಪಾಲು, ಬಿಲ್ಲು ಲೈನಿನ ಒಡೆಯನಿಗೆ. ಐಎಸ್‌ಡಿ ಅಗತ್ಯವಿಲ್ಲದವರು ಸರ್ವರ್‌ನಲ್ಲಿ ಮಾತ್ರವಲ್ಲ, ಟೆಲಿಫೋನ್ ಕಂಪೆನಿಯಲ್ಲೂ ಅದನ್ನು ಬಂದ್ ಮಾಡಿಸುವುದು ಕ್ಷೇಮ.

ಒಂದು ಗುಂಡಿ ಒತ್ತಿದರೆ ಆಗದು

ಫ್ರೀಪಿಬಿಎಕ್ಸ್ 17 ಸೆಂಟ್‌ಓಎಸ್ ಬಿಟ್ಟು ಡೆಬಿಯನ್ 12ರ ಮೇಲೆ ನಿಂತಿದೆ. ಹಾಗಾಗಿ 16ರಲ್ಲಿ ಕುಳಿತೇ 17ಕ್ಕೆ ಏರುವಂತಿಲ್ಲ. ಬೇರೆ ಯಂತ್ರದಲ್ಲಿ ಅಥವಾ ಬೇರೆ ಡಿಸ್ಕ್‌ನಲ್ಲಿ ಹೊಸದಾಗಿ ಕೂರಿಸಿ, ಹಳೆಯದರ ಬ್ಯಾಕಪ್ ಅನ್ನು ಅದಕ್ಕೆ ಇಳಿಸಬೇಕು. ಒಂದು ರೀತಿಯಲ್ಲಿ ಇದು ಒಳ್ಳೆಯದೇ. ಹೊಸದು ಕೈಕೊಟ್ಟರೆ ಹಳೆಯದು ಹಾಗೆಯೇ ಇರುತ್ತದೆ.

ಆದರೆ ಎರಡು ಕಡೆ ಎಡವುವ ಸಂಭವ ಹೆಚ್ಚು. ಮೊದಲನೆಯದು, ಹಳೆಯ ಎಕ್ಸ್‌ಟೆನ್ಶನ್‌ಗಳು ಬಳಸುತ್ತಿದ್ದ ಚಾನ್-ಸಿಪ್ ಎಂಬ ಭಾಗವನ್ನು 2023ರಲ್ಲಿ ಬಂದ ಆಸ್ಟರಿಸ್ಕ್ 21ರಿಂದ ತೆಗೆದುಹಾಕಲಾಗಿದೆ. ಅವನ್ನೆಲ್ಲ ಪಿಜೆಸಿಪ್‌ಗೆ ಬದಲಿಸಬೇಕು. ಈ ಕೆಲಸವನ್ನು ಹಳೆಯ ಸರ್ವರ್‌ನಲ್ಲೇ ನಿಧಾನವಾಗಿ ಮುಗಿಸಿಕೊಂಡರೆ ಬದಲಾವಣೆಯ ದಿನ ತಲೆನೋವು ಕಡಿಮೆ. ಎರಡನೆಯದು, ಕಂಪ್ಯೂಟರ್ ಒಳಗೆ ಚುಚ್ಚಿದ ಲೈನ್ ಕಾರ್ಡ್‌ಗಳು. ಹಳೆಯ ಕೆಲವು ಕಾರ್ಡ್‌ಗಳಿಗೆ ಬೇಕಾದ ಡ್ರೈವರ್‌ಗಳನ್ನು ಈಗ ಕೈಬಿಡಲಾಗಿದೆ. ಅಂಥವರು ಕಾರ್ಡ್ ಬದಲಿಗೆ ಹೊರಗಿನ ಗೇಟ್‌ವೇ ಪೆಟ್ಟಿಗೆ ಇಡಬಹುದು, ಇಲ್ಲವೇ ಟೆಲಿಫೋನ್ ಕಂಪೆನಿಯಿಂದ ಸಿಪ್ ಟ್ರಂಕ್ ಪಡೆಯಬಹುದು.

ಮೊದಲು ಕಾಗದದಲ್ಲಿ, ಬಳಿಕ ಯಂತ್ರದಲ್ಲಿ

ಕೆಲಸ ಆರಂಭಿಸುವ ಮುನ್ನ ಯಾವ ನಂಬರ್ ಎಲ್ಲಿ ರಿಂಗಾಗುತ್ತದೆ, ಎಷ್ಟು ಎಕ್ಸ್‌ಟೆನ್ಶನ್, ಯಾರಿಗೆ ಎಸ್‌ಟಿಡಿ-ಐಎಸ್‌ಡಿ ಅನುಮತಿ, ರಾತ್ರಿ ಕರೆ ಯಾರ ಮೊಬೈಲಿಗೆ ಹೋಗಬೇಕು ಎಂಬುದನ್ನು ಪಟ್ಟಿ ಮಾಡಬೇಕು. ಬ್ಯಾಕಪ್ ಅದೇ ಯಂತ್ರದಲ್ಲಿದ್ದರೆ ಇದ್ದೂ ಇಲ್ಲದಂತೆ. ಅದು ಹೊರಗೆ ಇನ್ನೊಂದು ಕಡೆ ಇರಬೇಕು ಮತ್ತು ಮರಳಿ ತೆರೆಯುತ್ತದೆಯೇ ಎಂದು ನೋಡಿರಬೇಕು. ಮರಾಠಿ, ಹಿಂದಿ, ಕನ್ನಡದಲ್ಲಿ ಮಾಡಿಸಿದ ಸ್ವಾಗತ ಧ್ವನಿ ಮತ್ತು ಹಳೆಯ ಕರೆಗಳ ಧ್ವನಿಮುದ್ರಣ ಬ್ಯಾಕಪ್‌ನಲ್ಲಿ ಸೇರಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಸಮಯದ ಆಯ್ಕೆಯೂ ಮುಖ್ಯ. ಹೋಟೆಲಿನವರಿಗೆ ಮಧ್ಯಾಹ್ನದ ಊಟ ಮುಗಿದು ಸಂಜೆಯ ಗಿರಾಕಿ ಬರುವ ತನಕದ ಬಿಡುವು, ಕೇಟರಿಂಗ್‌ನವರಿಗೆ ಗಣೇಶೋತ್ಸವ, ನವರಾತ್ರಿ, ಮದುವೆ ಸೀಸನ್ ಇಲ್ಲದ ದಿನ, ಸಹಕಾರಿ ಸಂಘಕ್ಕೆ ಮಾರ್ಚ್ ಕೊನೆಯಲ್ಲದ ವಾರ ಸೂಕ್ತ. ನರ್ಸಿಂಗ್ ಹೋಂಗಳಲ್ಲಿ ಫೋನ್ ಒಂದು ನಿಮಿಷವೂ ಮೌನವಾಗುವಂತಿಲ್ಲ. ಅಲ್ಲಿ ಮುಖ್ಯ ನಂಬರನ್ನು ಟೆಲಿಫೋನ್ ಕಂಪೆನಿಯ ಮೂಲಕ ಮೊಬೈಲಿಗೆ ತಿರುಗಿಸಿಟ್ಟ ನಂತರವೇ ಕೆಲಸಕ್ಕೆ ಕೈಹಾಕಬೇಕು.

ಹೊಸ ಸರ್ವರ್ ಎದ್ದ ಮೇಲೆ ಪರೀಕ್ಷೆ ಆಗಲೇಬೇಕು. ಹೊರಗಿನಿಂದ ಕರೆ ಬರುತ್ತದೆಯೇ, ಇಬ್ಬರ ಧ್ವನಿಯೂ ಇಬ್ಬರಿಗೂ ಕೇಳಿಸುತ್ತದೆಯೇ, ಒಂದು-ಎರಡು ಒತ್ತಿದರೆ ಸರಿಯಾದ ಕಡೆಗೆ ಹೋಗುತ್ತದೆಯೇ ಎಂದು ನೋಡಬೇಕು. ಒಂದು ಕಡೆಯ ಧ್ವನಿ ಮಾತ್ರ ಕೇಳಿಸಿದರೆ ರೂಟರ್-ಫೈರ್‌ವಾಲ್ ಕಡೆ ನೋಡುವುದು ವಾಡಿಕೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಸೇರಿಸಬೇಕಾಗಿದೆ. ಈ ನಿಯಮ ಹೊಸ ಸೆಟ್ಟಿಂಗ್‌ನಲ್ಲಿ ಬಿಟ್ಟುಹೋದರೆ ಹೊರಹೋಗುವ ಕರೆಗಳು ಅರ್ಧದಲ್ಲೇ ನಿಲ್ಲುತ್ತವೆ. ತುರ್ತು ಸಂಖ್ಯೆ 112 ಎಲ್ಲ ಎಕ್ಸ್‌ಟೆನ್ಶನ್‌ಗಳಿಂದ ಯಾವ ತಡೆಯೂ ಇಲ್ಲದೆ ಹೊರಹೋಗುವಂತೆ ದಾರಿ ಇಟ್ಟಿರಬೇಕು. ಹಳೆಯ ಯಂತ್ರವನ್ನು ಕನಿಷ್ಠ ಹದಿನೈದು ದಿನ ಗುಜರಿಗೆ ಹಾಕದೆ ಬದಿಗಿಡಬೇಕು. ಆದರೆ ಎರಡನ್ನೂ ಒಂದೇ ಐಪಿ ವಿಳಾಸದಲ್ಲಿ, ಒಂದೇ ಟ್ರಂಕ್ ಹೆಸರಿನಲ್ಲಿ ಒಟ್ಟಿಗೆ ಚಾಲೂ ಇಟ್ಟರೆ ಕರೆಗಳು ಗೊಂದಲಕ್ಕೀಡಾಗುತ್ತವೆ.

ಪಾಸ್‌ವರ್ಡ್ ಯಾರ ಕೈಯಲ್ಲಿ?

ಇಂಥ ಕೆಲಸಗಳು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಕೀಲಿಕೈ ಇಲ್ಲದೆ ನಿಲ್ಲುತ್ತವೆ. ಸರ್ವರ್ ಹಾಕಿದ ಹುಡುಗ ಕೆಲಸ ಬಿಟ್ಟು ಗಲ್ಫ್‌ಗೆ ಹೋಗಿರುತ್ತಾನೆ, ಪಾಸ್‌ವರ್ಡ್ ಅವನ ಜತೆಗೇ ಹೋಗಿರುತ್ತದೆ. ಸರ್ವರ್‌ನ ಪಾಸ್‌ವರ್ಡ್, ಟ್ರಂಕ್‌ನ ವಿವರ, ಡೊಮೈನ್ ಮತ್ತು ಲೈಸೆನ್ಸ್‌ಗಳು ಮಾಲೀಕರ ಹೆಸರಿನಲ್ಲಿದ್ದು, ಲಕೋಟೆಯಲ್ಲಿ ತಿಜೋರಿ ಸೇರಿರಬೇಕು. ತಂತ್ರಜ್ಞರನ್ನು ಬದಲಿಸಿದಾಗ ಪಾಸ್‌ವರ್ಡ್ ಕೂಡ ಬದಲಾಗಬೇಕು. ಆಡಳಿತದ ಪುಟ ಆಫೀಸಿನ ಒಳಗಿನಿಂದ ಅಥವಾ ವಿಪಿಎನ್ ಮೂಲಕ ಮಾತ್ರ ತೆರೆಯುವಂತಿರಬೇಕು.

ಅಂಗಡಿಯ ಷಟರ್‌ಗೆ ಬೀಗ ಹಾಕದೆ ಮನೆಗೆ ಹೋಗುವ ಉದ್ಯಮಿ ಇಲ್ಲ. ಫೋನ್ ಸರ್ವರ್‌ಗೂ ಅದೇ ಜಾಗ್ರತೆ ಬೇಕು. ಮುಂದಿನ ಬಾರಿ ತಂತ್ರಜ್ಞರು ಎಎಂಸಿ ಹಣಕ್ಕಾಗಿ ಬಂದಾಗ ಮೂರು ಪ್ರಶ್ನೆ ಕೇಳಿದರೆ ಸಾಕು: ನಮ್ಮ ಆವೃತ್ತಿ ಯಾವುದು, ಅದಕ್ಕೆ ಬೆಂಬಲ ಎಂದಿನವರೆಗೆ ಇದೆ, ಕೊನೆಯ ಬ್ಯಾಕಪ್ ಎಲ್ಲಿದೆ? ಈ ಮೂರಕ್ಕೂ ಥಟ್ಟನೆ ಉತ್ತರ ಸಿಗದಿದ್ದರೆ ನವೀಕರಣದ ದಿನ ನಿಗದಿಪಡಿಸುವುದೇ ಲೇಸು.