ಹನ್ನೊಂದನೇ ವಚನಕ್ಕೂ ಮುಂಚೆ ಹತ್ತನೆಯದು ಇದೆ

ಡಿಸೆಂಬರ್ 31ರ ರಾತ್ರಿ ನಮ್ಮ ಕಡೆಯ ಎಷ್ಟೋ ಚರ್ಚುಗಳಲ್ಲಿ ಒಂದು ರೂಢಿ ಇದೆ. ಗಂಟೆ ಹನ್ನೆರಡು ದಾಟಿ, ಎಲ್ಲರೂ ಕೈ ಕುಲುಕಿ, ಕೇಕ್ ಹಂಚುವ ಹೊತ್ತಿಗೆ ಒಂದು ತಟ್ಟೆಯಲ್ಲಿ ಪುಟ್ಟ ಪುಟ್ಟ ಕಾರ್ಡುಗಳು ಬರುತ್ತವೆ. ಒಂದೊಂದರಲ್ಲೂ ಬೈಬಲಿನ ಒಂದೊಂದು ವಚನ. ನಿಮ್ಮ ಕೈಗೆ ಸಿಕ್ಕಿದ್ದೇ ಆ ವರ್ಷಕ್ಕೆ ನಿಮ್ಮ 'ವಾಗ್ದಾನ'.

ಈ ಕಾರ್ಡುಗಳಲ್ಲಿ, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ, ಗೃಹಪ್ರವೇಶಕ್ಕೆ ಬರುವ ಫ್ರೇಮುಗಳಲ್ಲಿ ಮತ್ತೆ ಮತ್ತೆ ಕಾಣಿಸುವ ವಚನ ಯೆರೆಮೀಯ 29:11. ದೇವರು ನಿಮ್ಮ ಬಗ್ಗೆ ಯೋಚಿಸುತ್ತಿರುವುದು ಕೇಡನ್ನಲ್ಲ, ಹಿತವನ್ನು. ನಿಮಗೆ ಮುಂದೊಂದು ದಿನವಿದೆ ಅನ್ನೋದು ಅದರ ತಿರುಳು.

ಎರಡು ವರ್ಷದ ಹಿಂದೆ ನಾನಿದ್ದ ಕಂಪನಿ ನಮ್ಮ ಇಡೀ ಟೀಮನ್ನು ತೆಗೆದುಹಾಕಿತು. ಹದಿನೈದು ನಿಮಿಷದ ವಿಡಿಯೊ ಕಾಲ್, ಆಮೇಲೆ ಲ್ಯಾಪ್‌ಟಾಪ್ ಲಾಕ್. ಮನೆ ಸಾಲದ ಕಂತು ಶುರುವಾಗಿ ಆಗಿನ್ನೂ ಏಳು ತಿಂಗಳು. ಆ ಒಂದೇ ವಾರದಲ್ಲಿ ಈ ವಚನ ನನ್ನ ಫೋನಿಗೆ ಒಂಬತ್ತು ಸಲ ಬಂತು. ಕಳಿಸಿದವರೆಲ್ಲ ಪ್ರೀತಿಯಿಂದಲೇ ಕಳಿಸಿದ್ದರು. ಗದಗಿನಿಂದ ಫೋನ್ ಮಾಡಿದ ಅವ್ವ ಮಾತ್ರ ಬೇರೆ ಮಾತು ಕೇಳಿದಳು: "ಹನ್ನೊಂದನೇ ವಚನ ಎಲ್ಲಾರೂ ಕಳಿಸಿರ್ತಾರ. ಹತ್ತನೇದು ಯಾರರ ಕಳಿಸ್ಯಾರೇನು ನೋಡು."

ಯಾರೂ ಕಳಿಸಿರಲಿಲ್ಲ. ಹತ್ತನೇ ವಚನದಲ್ಲಿ ಇರುವುದು ಒಂದು ಲೆಕ್ಕ: 70 ವರ್ಷ.

ಅದು ಒಂದು ಪತ್ರ

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ದೊರೆ ನೆಬೂಕದ್ನೆಚ್ಚರ ಜೆರುಸಲೇಮನ್ನು ವಶಪಡಿಸಿಕೊಂಡ. ಹದಿನೆಂಟರ ಹರೆಯದ ರಾಜ ಯೆಹೋಯಾಖೀನನನ್ನು, ಅಧಿಕಾರಿಗಳನ್ನು, ಕಮ್ಮಾರರನ್ನು, ಕುಶಲಕರ್ಮಿಗಳನ್ನು ಸೆರೆ ಒಯ್ದ. ಅಂದರೆ ಕೈಯಲ್ಲಿ ಕಸುಬಿದ್ದವರನ್ನೇ ಆರಿಸಿ ಒಯ್ದ. ಜೆರುಸಲೇಮಿನಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯ ಆ ಸೆರೆಯವರಿಗೆ ಬರೆದ ಪತ್ರವೇ 29ನೇ ಅಧ್ಯಾಯ.

ಪತ್ರದ ಶುರುವಿನಲ್ಲಿ ಸಾಂತ್ವನದ ಮಾತಿಲ್ಲ, ಕೆಲಸದ ಪಟ್ಟಿ ಇದೆ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಬೆಳೆದದ್ದನ್ನು ಉಣ್ಣಿ, ಮದುವೆ ಮಾಡಿಕೊಳ್ಳಿ, ಮಕ್ಕಳಿಗೂ ಮದುವೆ ಮಾಡಿ. ನಿಮ್ಮನ್ನು ಹಿಡಿದುಕೊಂಡು ಹೋದವರ ಆ ಪಟ್ಟಣದ ಹಿತಕ್ಕಾಗಿಯೇ ಪ್ರಾರ್ಥಿಸಿ. 70 ವರ್ಷ ತುಂಬಿದ ಮೇಲೆ ಊರಿಗೆ ಕರೆತರುತ್ತೇನೆ ಎಂಬ ದೇವರ ಮಾತು ಬರುವುದು ಇದಾದ ಮೇಲೆ. ನಮ್ಮ ಫ್ರೇಮಿನ ವಚನ ಅದರ ಬೆನ್ನಿಗೆ.

ಪತ್ರವನ್ನು ಕೇಳಿಸಿಕೊಂಡ ಮೂವತ್ತರ ಒಬ್ಬ ಕಮ್ಮಾರನನ್ನು ನೆನೆಸಿಕೊಳ್ಳಿ. ನನ್ನದೇ ವಯಸ್ಸು. ಬೆರಳು ಮಡಿಚಿ ಎಣಿಸಿದರೆ ಆ ಹೊತ್ತಿಗೆ ಅವನಿಗೆ ನೂರು. ವಾಗ್ದಾನ ನಿಜ, ಆದರೆ ಅದರ ದಿನವನ್ನು ನೋಡುವವನು ತಾನಲ್ಲ ಅಂತ ಅವನಿಗೆ ಅಲ್ಲೇ ಗೊತ್ತಾಗಿರುತ್ತದೆ.

ಎರಡು ವರ್ಷ ಎಂದವನು

ಸುಮಾರು ಇದೇ ಕಾಲಕ್ಕೆ ಜೆರುಸಲೇಮಿನ ದೇವಾಲಯದಲ್ಲಿ ಹನನ್ಯ ಎಂಬ ಪ್ರವಾದಿ ಎದ್ದು ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಅಂದ. ಗುರುತಿಗಾಗಿ ಯೆರೆಮೀಯ ತನ್ನ ಕೊರಳಿಗೆ ಹಾಕಿಕೊಂಡಿದ್ದ ಮರದ ನೊಗವನ್ನು ಎಲ್ಲರೆದುರೇ ಮುರಿದುಹಾಕಿದ. 28ನೇ ಅಧ್ಯಾಯದ ಈ ಪ್ರಸಂಗದಲ್ಲಿ ನನಗೆ ಹಿಡಿಸಿದ್ದು ಯೆರೆಮೀಯನ ಮೊದಲ ಉತ್ತರ. ಹಾಗೇ ಆಗಲಿ ಅಂತ ಹಾರೈಸಿಯೇ ಅವನು ಮಾತು ಶುರು ಮಾಡುತ್ತಾನೆ. ಅವನಿಗೂ ಬೇಕಾಗಿದ್ದದ್ದು ಎರಡು ವರ್ಷವೇ. ಆದರೆ ಬೇಕು ಅನ್ನೋದನ್ನು ದೇವರ ಮಾತು ಅಂತ ಹೇಳಲು ಅವನು ಒಪ್ಪಲಿಲ್ಲ. ಕೊನೆಗೆ ಹನನ್ಯನ ಮೇಲೆ ಅವನು ಹೊರಿಸಿದ ಆರೋಪವೂ ಅದೇ: ಈ ಜನ ಸುಳ್ಳನ್ನು ನಂಬುವಂತೆ ಮಾಡಿದೆ.

ಅಂದರೆ ಸತ್ಯವೇದದ ಪ್ರಕಾರ ನಂಬಿಕೆಯ ವಿರುದ್ಧ ಪದ ಅನುಮಾನ ಒಂದೇ ಅಲ್ಲ. ಬೇಗ ಮುಗಿಯುತ್ತೆ ಅನ್ನುವ ಸುಳ್ಳು ಭರವಸೆಯೂ ಅದರ ವಿರುದ್ಧವೇ.

ಸೆರೆಯವರು ಪತ್ರದಲ್ಲಿದ್ದಂತೆಯೇ ಬೇರು ಬಿಟ್ಟರು ಅನ್ನೋದಕ್ಕೆ ಬೈಬಲಿನ ಹೊರಗೂ ಕುರುಹುಗಳಿವೆ. ಬಾಬಿಲೋನಿನ ಅವಶೇಷಗಳಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ ರಾಜ ಯೆಹೋಯಾಖೀನನಿಗೂ ಅವನ ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ಇನ್ನೊಂದು ಗುಂಪಿನ ಫಲಕಗಳು ಅಲ್-ಯಾಹೂದು ಎಂಬ ಊರಿನವು. ಹೆಸರಿನ ಅರ್ಥವೇ ಯೆಹೂದದ ಊರು. ಕ್ರಿ.ಪೂ. 572ರಿಂದ ಶುರುವಾಗುವ ಆ ಫಲಕಗಳ ತುಂಬ ಬಾರ್ಲಿ, ಖರ್ಜೂರ, ಸಾಲ, ಗೇಣಿ, ತೆರಿಗೆಯ ಲೆಕ್ಕ. ಒಟ್ಟಿನಲ್ಲಿ ದಿನನಿತ್ಯದ ಬದುಕು. ಪರ್ಷಿಯಾದ ಕೋರೆಷ ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದ ಮೇಲೆ ಊರಿನ ದಾರಿ ತೆರೆಯಿತು. ಆ ದಾರಿ ಹಿಡಿದವರಲ್ಲಿ ಹೆಚ್ಚಿನವರು ಮಕ್ಕಳು, ಮೊಮ್ಮಕ್ಕಳು.

ನಿನ್ನ ಅಲ್ಲ, ನಿಮ್ಮ

ಈ ವಚನವನ್ನು ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಒಬ್ಬರಿಗೂ ಹಲವರಿಗೂ ಒಂದೇ ಪದ. ನಮ್ಮ ಸತ್ಯವೇದದಲ್ಲಿ ದೇವರು ಒಬ್ಬನೊಡನೆ ಮಾತಾಡಿದರೆ 'ನಿನ್ನ', ಹಲವರೊಡನೆ ಆದರೆ 'ನಿಮ್ಮ'. ಇಲ್ಲಿರುವುದು 'ನಿಮ್ಮ'. ಹೀಬ್ರೂ ಮೂಲದಲ್ಲೂ ಬಹುವಚನವೇ. ಇದು ಒಬ್ಬನ ಕರಿಯರ್ ಪ್ಲಾನ್ ಅಲ್ಲ, ಒಂದು ಸಮುದಾಯಕ್ಕೆ ಕೊಟ್ಟ ಮಾತು.

ಇನ್ನೊಂದು ಸಂಗತಿ. ಈ ವಚನದಲ್ಲಿ 'ಹಿತ' ಎಂಬಲ್ಲಿ ಮೂಲದಲ್ಲಿರುವ ಪದ ಶಾಲೋಮ್. ಪಟ್ಟಣದ ಹಿತಕ್ಕಾಗಿ ಪ್ರಾರ್ಥಿಸಿ ಎನ್ನುವ ಏಳನೇ ವಚನದಲ್ಲೂ ಅದೇ ಪದ. ಪಟ್ಟಣಕ್ಕೆ ಶಾಲೋಮ್ ಬಂದರೆ ನಿಮಗೂ ಬರುತ್ತದೆ ಅನ್ನೋದು ಅಲ್ಲಿನ ಮಾತು. ನಮ್ಮಲ್ಲಿ ಎಷ್ಟು ಜನ ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ 'ಊರು' ಅಂದಾಗ ಗದಗನ್ನೋ ಉಡುಪಿಯನ್ನೋ ಹೇಳ್ತೀವಿ! ನಾವು ಸೆರೆಯವರಲ್ಲ, ನಿಜ. ಆದರೂ ಬಾಡಿಗೆ ಮನೆಯ ಬೀದಿಯ ಹಿತವೂ ನಮ್ಮ ಹಿತವೂ ಬೇರೆಯಲ್ಲ ಅನ್ನೋದು ನಮಗೂ ಸಲ್ಲುವ ಮಾತೇ.

ನನಗೆ ಆರನೇ ತಿಂಗಳಿಗೆ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಇದನ್ನು ಚರ್ಚಿನಲ್ಲಿ ಸಾಕ್ಷಿಯಾಗಿ ಹೇಳು ಅಂತ ಕೆಲವರು ಅಂದರು. ನಾನು ಹೇಳಲಿಲ್ಲ. ಅದೇ ದಿನ, ಅದೇ ಕಾಲಿನಲ್ಲಿ ಕೆಲಸ ಕಳೆದುಕೊಂಡ ನನ್ನ ಸಹೋದ್ಯೋಗಿ ಒಬ್ಬಳು ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಅವಳ ಪ್ರಾರ್ಥನೆ ನನ್ನದಕ್ಕಿಂತ ಕಡಿಮೆಯದಲ್ಲ. ಅವಳಿನ್ನೂ ಹುಡುಕುತ್ತಿದ್ದಾಳೆ. ನನ್ನ ಆಫರ್ ಲೆಟರ್ ದೇವರ ನಂಬಿಗಸ್ತಿಕೆಗೆ ಪುರಾವೆ ಆದರೆ, ಅವಳ ಖಾಲಿ ಇನ್‌ಬಾಕ್ಸ್ ಯಾವುದಕ್ಕೆ ಪುರಾವೆ?

ಕಾಯುವವರ ಭಾಷೆ

ಅವಳಂಥವರಿಗೆ ಸತ್ಯವೇದದಲ್ಲಿ ಬರೀ ಸಮಾಧಾನವಿಲ್ಲ, ದೇವರೊಡನೆ ಜಗಳವಾಡುವ ಭಾಷೆಯೂ ಇದೆ. 13ನೇ ಕೀರ್ತನೆಯಲ್ಲಿರುವುದು ಆರೇ ವಚನ. ಮೊದಲ ಎರಡರಲ್ಲೇ 'ಎಷ್ಟು ದಿನ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಕೊನೆಯಲ್ಲಿ ಹಾಡು ಬರುತ್ತದಾದರೂ, ಕೇಳಿದ ಪ್ರಶ್ನೆಯನ್ನು ಯಾರೂ ಅಳಿಸಿಲ್ಲ. 88ನೇ ಕೀರ್ತನೆಯಲ್ಲಂತೂ ಕೊನೆಯ ಹಾಡೂ ಇಲ್ಲ. ಅದು ಕತ್ತಲಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಯನ್ನೂ ಪುಸ್ತಕದಿಂದ ತೆಗೆದುಹಾಕದೆ ಇಟ್ಟುಕೊಂಡು ಬಂದಿದ್ದಾರೆ. ಉತ್ತರ ಬಾರದಿದ್ದರೂ ಮಾತು ಬಿಡದಿರುವುದೂ ನಂಬಿಕೆಯೇ ಅನ್ನೋದಕ್ಕೆ ನನಗೆ ಇಷ್ಟು ಸಾಕು.

ನೀವೂ ಯಾವುದಾದರೂ ಉತ್ತರಕ್ಕೆ ಕಾಯುತ್ತಿದ್ದರೆ, ವಚನದ ಜೊತೆ ಅದರ ಇಡೀ ಅಧ್ಯಾಯವನ್ನು ಒಮ್ಮೆ ಓದಿ. ಮೆಟ್ರೊದಲ್ಲಿ ನಾಲ್ಕು ಸ್ಟೇಷನ್ ದಾಟುವುದರೊಳಗೆ ಮುಗಿಯುತ್ತದೆ. ಯಾರಿಗೆ ಬರೆದದ್ದು, ಮುಂಚಿನ ವಚನದಲ್ಲಿ ಏನಿದೆ, ಕಾಯುವಾಗ ಏನು ಮಾಡಲು ಹೇಳಿದೆ ನೋಡಿ.

ಕೆಲಸ ಕಳೆದುಕೊಂಡವರಿಗೆ ವಚನ ಕಳಿಸುವುದಾದರೆ ಖಂಡಿತ ಕಳಿಸಿ. ಹಾಗೇ ಅವರ ರೆಸ್ಯೂಮೆಯನ್ನೂ ಕೇಳಿ, ನಿಮ್ಮ ಕಂಪನಿಯಲ್ಲಿ ರೆಫರ್ ಮಾಡಿ. ವಾಗ್ದಾನದಲ್ಲಿರುವುದು 'ನಿಮ್ಮ' ಅಂದಮೇಲೆ ಅದರಲ್ಲಿ ನಮಗೂ ಒಂದು ಪಾಲಿನ ಕೆಲಸವಿದೆ.